ದೊಡ್ಡ ಗಣಿತ

ಪರೀಕ್ಷೆಯ ಹಾಲ್‌ನೊಳಗೆ ಕಾಲಿಡುವ ಹಕ್ಕು ಆ ದಿನ ಸಂಯೋಜಕಿಗೆ ಇರಲಿಲ್ಲ. ಒಳಗೆ ಬರೆಯುತ್ತಿದ್ದ ಹದಿನಾಲ್ಕು ಮಕ್ಕಳಲ್ಲಿ ಒಬ್ಬಳು ಅವಳ ಒಡಹುಟ್ಟಿದ ತಂಗಿಯ ಮಗಳು. ರಕ್ತಸಂಬಂಧ ಇದ್ದವರು ಆ ಕೋಣೆಯಲ್ಲಿ ಇರಕೂಡದು ಎಂಬುದು ನಿಯಮ. ಅದನ್ನು ಯಾರೂ ಅವಳಿಗೆ ನೆನಪಿಸಬೇಕಾಗಿರಲಿಲ್ಲ. ತಿಂಗಳ ಮುಂಚೆ ತಾನೇ ಕಾಗದ ಬರೆದು ಹಾಲ್‌ನ ಜವಾಬ್ದಾರಿಯನ್ನು ಭೌತಶಾಸ್ತ್ರದ ಮೇಷ್ಟ್ರಿಗೆ ಒಪ್ಪಿಸಿದ್ದಳು. ಬೆಳಿಗ್ಗೆ ಮೊಹರು ಮಾಡಿದ ಲಕೋಟೆಗಳನ್ನು ಬಾಗಿಲಲ್ಲೇ ಅವರ ಕೈಗಿಟ್ಟು, ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಬಂದು ಕೂತಿದ್ದಳು. ಆ ದಿನದ್ದು ಗಣಿತ; ಅಲ್ಲಿ ಕಲಿಸುವ ಎರಡು ಬಗೆಯ ಗಣಿತಕ್ಕೆ ಎರಡು ಲಕೋಟೆ, ಮೇಲೆ ಒಂಬತ್ತು ಎಂದೊಂದು, ಐದು ಎಂದೊಂದು ಅಂಕಿ ಇತ್ತು. ಒಟ್ಟು ಹದಿನಾಲ್ಕು. ತಾಳೆಯಾಯಿತು ಎಂದುಕೊಂಡಳು.

ಶಾಲೆಯಲ್ಲಿ ಅವಳಿಗೆ ರೂಲುದೊಣ್ಣೆ ಎಂದು ಹೆಸರು. ಮಕ್ಕಳು ಇಟ್ಟದ್ದು, ಮೇಷ್ಟ್ರುಗಳು ಸದ್ದಿಲ್ಲದೆ ಬಳಸಿದ್ದು, ಅವಳಿಗೂ ಗೊತ್ತಿದ್ದದ್ದು. ಕಾಲೇಜಿಗೆ ಮುಂಚಿನ ಎರಡು ವರ್ಷದ ಆ ಅಂತರರಾಷ್ಟ್ರೀಯ ಡಿಪ್ಲೊಮಾವನ್ನು ಹನ್ನೊಂದು ವರ್ಷದಿಂದ ಹೆಗಲ ಮೇಲೆ ಹೊತ್ತವಳು ಅವಳೇ. ಪ್ರತಿ ವರ್ಷ ಹೊಸ ತಂದೆತಾಯಿಯರನ್ನು ಕೂರಿಸಿಕೊಂಡು ಒಂದೇ ಮಾತು ಹೇಳುತ್ತಿದ್ದಳು: ಆರು ವಿಷಯ, ಮೂರು ಕಂಬ. ಆರು ವಿಷಯಗಳಲ್ಲಿ ಮೂರನ್ನು ಮೇಲಿನ ಹಂತದಲ್ಲಿ ಓದಬೇಕು, ಮೂರನ್ನು ಸಾಧಾರಣ ಹಂತದಲ್ಲಿ. ಕಂಬಗಳೆಂದರೆ ನಾಲ್ಕು ಸಾವಿರ ಪದದ ಒಂದು ಪ್ರಬಂಧ. ನಮಗೆ ಗೊತ್ತಿರುವುದು ಗೊತ್ತಿದೆ ಎಂದು ಹೇಗೆ ಗೊತ್ತು ಎಂದು ಕೇಳುವ ಒಂದು ತರಗತಿ, ಮಕ್ಕಳ ಬಾಯಲ್ಲಿ ಅದು ‘ಗೊತ್ತು ಪೀರಿಯಡ್’. ಆಮೇಲೆ ಕಲೆ, ಆಟ, ಸೇವೆಯ ಬಗ್ಗೆ ತಪ್ಪದೆ ಬರೆಯುವ ದಿನಚರಿ. ವಿಷಯ ಒಂದು ಸೊರಗಿದರೆ ಇನ್ನೊಂದು ಹೊರುತ್ತದೆ, ಕಂಬ ಒಂದು ಬಿದ್ದರೆ ಮನೆಯೇ ಬಿತ್ತು ಎಂದು ಅವಳು ಹೇಳುವಾಗ ಹಿಂದಿನ ಸಾಲಿನ ಅಪ್ಪಂದಿರು ಕೂಡ ಫೋನ್ ಕೆಳಗಿಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಯಾವ ಮನೆಯೂ ಬಿದ್ದಿರಲಿಲ್ಲ.

ತಂಗಿಯ ಮಗಳು ಈ ಶಾಲೆಗೆಂದೇ ಬಂದು ದೊಡ್ಡಮ್ಮನ ಮನೆಯಲ್ಲಿದ್ದಳು. ಕಟ್ಟಡ ವಿನ್ಯಾಸದ ಕಾಲೇಜೊಂದು ಅವಳಿಗೆ ಸೀಟು ಕೊಡಲು ಒಪ್ಪಿತ್ತು, ಎರಡು ಷರತ್ತಿನ ಮೇಲೆ. ಡಿಪ್ಲೊಮಾ ಪೂರ್ತಿ ಕೈಗೆ ಬರಬೇಕು; ಬಗೆ ಯಾವುದಾದರೂ ಸರಿ, ಮೇಲಿನ ಹಂತದ ಗಣಿತದಲ್ಲಿ ಏಳಕ್ಕೆ ಐದಾದರೂ ಬರಬೇಕು. ಆರಕ್ಕೆ ಕಡಿಮೆ ಅವಳಿಗೆ ಎಂದೂ ಬಂದದ್ದಿಲ್ಲ. ಹಾಗಾಗಿ ಬೆಂಚಿನ ಮೇಲೆ ಕೂತಿದ್ದ ದೊಡ್ಡಮ್ಮನಿಗೆ ಆತಂಕವೇನೂ ಇರಲಿಲ್ಲ. ನಾಳೆಯ ಎರಡನೆಯ ಪತ್ರಿಕೆಗೆ ಕುರ್ಚಿಗಳನ್ನು ಹೇಗೆ ಹಾಕಿಸಬೇಕೆಂದು ಯೋಚಿಸುತ್ತಿದ್ದಳು.

ಹನ್ನೊಂದಕ್ಕೆ ಬಾಗಿಲು ತೆರೆಯಿತು. ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದರು. ಭೌತಶಾಸ್ತ್ರದ ಮೇಷ್ಟ್ರು ಉತ್ತರಪತ್ರಿಕೆಗಳ ಕಟ್ಟನ್ನೂ ಹಾಜರಿ ಹಾಳೆಗಳನ್ನೂ ತಂದು ಅವಳ ಮುಂದಿನ ಮೇಜಿನ ಮೇಲಿಟ್ಟು, ಎಲ್ಲ ಸರಿಯಾಗಿದೆ, ದೊಡ್ಡ ಗಣಿತ ಒಂಬತ್ತು, ಸಣ್ಣ ಗಣಿತ ಐದು ಎಂದು ವರದಿ ಒಪ್ಪಿಸಿದರು. ಆಗ ಅಲ್ಲೇ ನಿಂತಿದ್ದ ಸಣ್ಣ ಗಣಿತದ ಟೀಚರ್, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗಿ, ಹಾಳೆಯ ಮೇಲೆ ಬೆರಳಿಟ್ಟು ಎರಡು ಸಲ ಎಣಿಸಿದಳು.

“ಮೇಡಂ, ನನ್ನ ತರಗತೀಲಿ ಆರು ಜನ ಅಲ್ವಾ?” ಎಂದಳು. “ನಿಮ್ಮ ಮನೆ ಹುಡುಗಿ ಇದರಲ್ಲಿ ಇಲ್ಲ.”

ಸಂಯೋಜಕಿ ಇನ್ನೊಂದು ಹಾಳೆಯನ್ನು ಎಳೆದುಕೊಂಡಳು. ದೊಡ್ಡ ಗಣಿತದ ಒಂಬತ್ತನೆಯ ಸಾಲಿನಲ್ಲಿ ತಂಗಿಯ ಮಗಳ ಸಹಿ ಇತ್ತು. ದುಂಡಗೆ, ಅವಸರವಿಲ್ಲದೆ, ದಿನವೂ ಮಾಡುವಂತೆಯೇ ಮಾಡಿದ ಸಹಿ.

ನೆಲ ಕುಸಿಯಿತು ಎನ್ನುತ್ತಾರೆ ಇಂಥ ಹೊತ್ತಿನಲ್ಲಿ. ಹಾಗೇನೂ ಆಗಲಿಲ್ಲ. ನೆಲ ಇದ್ದಲ್ಲೇ ಇತ್ತು, ಮೇಜೂ ಇತ್ತು, ಕೈಯಲ್ಲಿ ಹಾಳೆಯೂ ಇತ್ತು. ಆ ಟೀಚರ್ ಬಾಯಿ ಆಡಿಸುತ್ತಿದ್ದಳು, ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಹಾಳೆಯನ್ನು ಮಡಚಬಾರದು ಎಂಬ ನಿಯಮ ಅವಳಿಗೆ ಆಗಲೂ ನೆನಪಿತ್ತು. ಅದನ್ನು ಮಡಚದೆ ಕೆಳಗಿಟ್ಟು ನೀರಿನ ನಲ್ಲಿಯ ಕಡೆ ನಡೆದಳು.

ಹುಡುಗಿ ಅಲ್ಲಿ ಬಾಟಲಿ ತುಂಬಿಸುತ್ತಿದ್ದಳು. ಒಬ್ಬಳೇ ಇದ್ದಳು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದಳು.

“ನಿನಗೆ ಯಾವ ಪೇಪರ್ ಕೊಟ್ರು?”

“ದೊಡ್ಡ ಗಣಿತದ್ದು.”

“ಅದು ನಿಂದಲ್ಲ ಅಂತ ಗೊತ್ತಾಗ್ಲಿಲ್ವಾ?”

“ಗೊತ್ತಿತ್ತು.”

“ಮತ್ತೆ ಕೈ ಯಾಕೆ ಎತ್ತಲಿಲ್ಲ?”

ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಪ್ರಶ್ನೆ ಅವಳಿಗೆ ನಿಜವಾಗಿಯೂ ಅರ್ಥವಾಗದಂತಿತ್ತು. “ನೀವೇ ಹಾಕಿದ್ದಲ್ವಾ ದೊಡ್ಡಮ್ಮ,” ಎಂದಳು. “ನವೆಂಬರ್‌ನಲ್ಲಿ ಸಹಿ ಮಾಡೋಕೆ ನೋಂದಣಿ ಹಾಳೆ ಕೊಟ್ರಲ್ಲ, ಆವಾಗ್ಲೇ ನೋಡಿದೆ. ಯೋಚನೆ ಮಾಡೇ ಬದಲಾಯಿಸಿರ್ತೀರಿ ಅಂದ್ಕೊಂಡೆ.”

ಆಮೇಲೆ ಅವಳು ಹೇಳಿದ್ದನ್ನೆಲ್ಲ ದೊಡ್ಡಮ್ಮ ಗೋಡೆಗೆ ಒರಗಿ ಕೇಳಿಸಿಕೊಂಡಳು. ಹಗಲು ಸಣ್ಣ ಗಣಿತದ ತರಗತಿಯಲ್ಲಿ ಕೂತು, ಸಂಜೆ ಗೆಳತಿಯ ನೋಟ್‌ಬುಕ್ ತಂದು ದೊಡ್ಡ ಗಣಿತವನ್ನು ತಾನೇ ಓದಿಕೊಂಡಿದ್ದಳಂತೆ. ಶನಿವಾರದ ಈಜು ಬಿಟ್ಟು ದೊಡ್ಡ ಗಣಿತದವರ ವಿಶೇಷ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳಂತೆ. ತರಗತಿ ಯಾಕೆ ಬದಲಾಗಿಲ್ಲ ಎಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಅದಕ್ಕೂ ಏನೋ ಕಾರಣ ಇರುತ್ತದೆ ಎಂದುಕೊಂಡಿದ್ದಳು. ಇವತ್ತಿನ ಪತ್ರಿಕೆಯಲ್ಲಿ ಅರ್ಧ ಬರೆದಿರಬಹುದು, ಉಳಿದರ್ಧದಲ್ಲಿ ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿಯಲಿಲ್ಲ, ಆದರೂ ಎಲ್ಲ ಪುಟದಲ್ಲೂ ಏನಾದರೊಂದು ಬರೆದಿದ್ದೇನೆ ಎಂದಳು. ಖಾಲಿ ಬಿಟ್ಟರೆ ದೊಡ್ಡಮ್ಮನಿಗೆ ಬೇಜಾರಾಗುತ್ತದೆ ಎಂದು.

ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆಗೆ, ಐದು ತಿಂಗಳು. ಕೋಣೆಯ ದೀಪ ಉರಿಯುವುದನ್ನು ನೋಡಿ ಹುಡುಗಿ ಚೆನ್ನಾಗಿ ಓದುತ್ತಿದ್ದಾಳೆ ಎಂದು ಅವಳು ಹೆಮ್ಮೆಪಟ್ಟಿದ್ದಳು. ಬಾಗಿಲು ತಳ್ಳಿ ಏನು ಓದುತ್ತಿದ್ದೀಯ ಎಂದು ಕೇಳಿರಲಿಲ್ಲ. ಪರೀಕ್ಷೆಗೆ ಸಂಬಂಧಪಟ್ಟವರು ಮನೆಯಲ್ಲಿ ಪರೀಕ್ಷೆಯ ಮಾತು ಆಡಬಾರದು ಎಂದು ತನಗೆ ತಾನೇ ಒಂದು ನಿಯಮ ಹಾಕಿಕೊಂಡಿದ್ದಳು. ಅಂಥ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ.

ದೊಡ್ಡ ಗಣಿತದ ಮೇಷ್ಟ್ರು ಸಿಬ್ಬಂದಿ ಕೋಣೆಯಲ್ಲಿ ಸಿಕ್ಕರು. ಬೋರ್ಡಿನ ಮೇಲೆ ಸೊನ್ನೆಯನ್ನು ಮಡಕೆಯಷ್ಟು ದೊಡ್ಡದಾಗಿ ಬರೆಯುವ ಅವರನ್ನು ಸೊನ್ನೆ ಮೇಷ್ಟ್ರು ಎನ್ನುತ್ತಿದ್ದರು. ಅವಳು ಕೇಳಿದ್ದಕ್ಕೆ ಅವರು ಹಿಂಜರಿಯದೆ ಹೌದು ಎಂದರು.

“ಪ್ರತಿ ಶನಿವಾರ ಬರ್ತಿದ್ಲು. ನೀವೇ ಕಳ್ಸಿದ್ದೀರಿ ಅಂದ್ಕೊಂಡೆ. ನಿಮ್ಮನ್ನ ಕೇಳೋದೇನು ಅಂತ ಸುಮ್ಮನಾದೆ.”

ಜೀವಶಾಸ್ತ್ರದವರಿಗೂ ಗೊತ್ತಿತ್ತು. ಗ್ರಂಥಾಲಯದಾಕೆಗೂ ಗೊತ್ತಿತ್ತು, ಪುಸ್ತಕ ಕೊಟ್ಟವಳು ಅವಳೇ. ಎಲ್ಲರೂ ಒಂದೊಂದು ತುಂಡು ಕಂಡಿದ್ದರು. ಎಲ್ಲರೂ ಇದರ ಹಿಂದೆ ಮೇಡಂ ಇದ್ದಾರೆ ಎಂದು ನಂಬಿ ಅಲ್ಲಿಗೇ ಬಿಟ್ಟಿದ್ದರು. ಮೇಡಂಗೆ ಮಾತ್ರ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಅವಳೇ ಎಷ್ಟೋ ಸಲ ಬೇರೆಯವರ ವಿಷಯದಲ್ಲಿ ಆಡಿಕೊಂಡದ್ದುಂಟು.

ಆಫೀಸಿನಲ್ಲಿ ಗುಮಾಸ್ತ ಆಗಲೇ ಕಡತ ತೆಗೆದಿಟ್ಟು ನಿಂತಿದ್ದ. ಸುದ್ದಿಗೆ ಕಾಲು ಜಾಸ್ತಿ. ನೋಂದಣಿಯ ದಿನ ಮಕ್ಕಳು ತಮ್ಮ ವಿಷಯ ಬರೆದುಕೊಟ್ಟ ಚೀಟಿಗಳನ್ನು ಅವನು ಗಟ್ಟಿಯಾಗಿ ಓದುವುದು, ಅವಳು ಟೈಪ್ ಮಾಡುವುದು, ಟೈಪಾದ ಮೇಲೆ ಅವನು ಪೆನ್ಸಿಲ್‌ನಿಂದ ಚೀಟಿಯ ಮೂಲೆಗೆ ಒಂದು ಚುಕ್ಕಿ ಇಡುವುದು: ಹನ್ನೊಂದು ವರ್ಷದಿಂದ ಅವರಿಬ್ಬರ ಪದ್ಧತಿ ಇದು. ಹುಡುಗಿಯ ಚೀಟಿಯ ಮೂಲೆಯಲ್ಲೂ ಚುಕ್ಕಿ ಇತ್ತು. ಐದನೆಯ ಸಾಲಿನಲ್ಲಿ ಹುಡುಗಿ ತನ್ನ ಕೈಯಾರೆ ಬರೆದಿದ್ದಳು: ‘ಗಣಿತ, ದೊಡ್ಡದು.’

ಇಬ್ಬರೂ ಆ ಎರಡು ಪದಗಳನ್ನೇ ನೋಡುತ್ತ ನಿಂತರು. ಅಲ್ಲಿ ಕಲಿಸುವ ಗಣಿತ ಎರಡು ಬಗೆ. ಒಂದು ಪ್ರಮೇಯ, ಸಿದ್ಧಾಂತಗಳನ್ನು ಸಾಧಿಸಿ ತೋರಿಸುವುದರದ್ದು. ಇನ್ನೊಂದು ಲೆಕ್ಕವನ್ನು ಲೋಕದ ಕೆಲಸಕ್ಕೆ ಹಚ್ಚುವುದರದ್ದು. ಮೊದಲನೆಯದನ್ನು ದೊಡ್ಡ ಗಣಿತ, ಎರಡನೆಯದನ್ನು ಸಣ್ಣ ಗಣಿತ ಎಂದು ಕರೆಯುವುದು ಮೇಷ್ಟ್ರುಗಳ ರೂಢಿ, ಮಕ್ಕಳೂ ಅದನ್ನು ಕಲಿತಿದ್ದರು. ಆದರೆ ಎರಡರಲ್ಲೂ ಮೇಲಿನ ಹಂತ, ಸಾಧಾರಣ ಹಂತ ಎಂದು ಇದ್ದೇ ಇತ್ತು. ಹಂತದ ಮಾತು ಬಂದಾಗ ಮಕ್ಕಳು ಮೇಲಿನದನ್ನು ‘ದೊಡ್ಡದು’ ಎನ್ನುತ್ತಿದ್ದರು. ಜೀವಶಾಸ್ತ್ರ ದೊಡ್ಡದು, ಚಿತ್ರಕಲೆ ದೊಡ್ಡದು, ಗಣಿತ ದೊಡ್ಡದು: ಹುಡುಗಿ ತನ್ನ ಮೂರು ಮೇಲಿನ ಹಂತಗಳನ್ನು ಹಾಗೆ ಬರೆದಿದ್ದಳು. ಬಗೆ ಯಾವುದೆಂದು ಬರೆದಿರಲಿಲ್ಲ. ಅದು ದೊಡ್ಡಮ್ಮನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಗುಮಾಸ್ತ ಅದನ್ನು ‘ದೊಡ್ಡ ಗಣಿತ’ ಎಂದು ಓದಿದ್ದ. ಅವಳು ಅದನ್ನೇ ಟೈಪ್ ಮಾಡಿದ್ದಳು. ಆಮೇಲೆ ಪರೀಕ್ಷಾ ಮಂಡಳಿಗೆ ಕಳಿಸಿದ ಗಣಿತದ ಕಿರುಪ್ರಬಂಧವೂ ಎರಡು ಬಗೆಗೂ ಒಂದೇ ನಮೂನೆಯದು, ಅಲ್ಲಿಯೂ ತಪ್ಪು ಕಣ್ಣಿಗೆ ಬೀಳಲಿಲ್ಲ.

ಗುಮಾಸ್ತ ಗಂಟಲು ಸರಿಮಾಡಿಕೊಂಡ. ಓದಿದ್ದು ತಾನು, ತಪ್ಪು ತನ್ನದೆಂದೇ ಬರೆಯಿರಿ, ಮುಂದಿನ ವರ್ಷ ಹೇಗೂ ನಿವೃತ್ತಿ, ತನ್ನನ್ನು ಯಾರು ಏನು ಮಾಡುತ್ತಾರೆ ಎಂದ. ಆಮೇಲೆ ನೋಂದಣಿಯ ಮುದ್ರಿತ ಹಾಳೆಯನ್ನು ಅವಳ ಮುಂದೆ ಸರಿಸಿ, ಕೆಳಗಿನ ಸಾಲನ್ನು ಬೆರಳಿನಿಂದ ತೋರಿಸಿದ.

“ಅದೂ ಬೇಡ ಅಂದ್ರೆ, ಹುಡುಗೀನೇ ನೋಡಿ ಸಹಿ ಮಾಡಿದ್ದಾಳಲ್ಲ ಮೇಡಂ.”

ಅವನು ಕೆಟ್ಟವನಲ್ಲ. ಅವಳನ್ನು ಉಳಿಸಲು ಕೈಗೆ ಸಿಕ್ಕಿದ್ದನ್ನು ಕೊಡುತ್ತಿದ್ದ. ಒಂದು ಗಳಿಗೆ ಆ ಸಹಿಯ ಮೇಲೆ ತನ್ನ ಕಣ್ಣು ನಿಂತದ್ದು ಅವಳಿಗೇ ತಿಳಿಯಿತು. ಹಾಳೆಯನ್ನು ಮಗುಚಿಟ್ಟಳು.

ಪರೀಕ್ಷಾ ಮಂಡಳಿಗೆ ಫೋನ್ ಮಾಡಿದಳು. ಆಚೆಯ ದನಿ ಮರ್ಯಾದೆಯಿಂದಲೇ ಎರಡು ದಾರಿ ಹೇಳಿತು. ಹುಡುಗಿ ದೊಡ್ಡ ಗಣಿತದಲ್ಲೇ ಮುಂದುವರಿದು ನಾಳೆಯದನ್ನೂ ಮುಂದಿನ ವಾರದ ಮೂರನೆಯದನ್ನೂ ಬರೆಯಬಹುದು. ಆಗ ಯಾರೂ ಯಾರಿಗೂ ಏನೂ ಬರೆದು ಕೊಡಬೇಕಾಗಿಲ್ಲ. ಇಲ್ಲವೇ ತಪ್ಪು ಶಾಲೆಯದೆಂದು ಸಂಯೋಜಕರು ಸಹಿ ಮಾಡಿದ ಪತ್ರ ಕಳಿಸಬೇಕು. ಆಗ ನಾಳೆಯಿಂದ ಅವಳಿಗೆ ಸಣ್ಣ ಗಣಿತದ ಪತ್ರಿಕೆ ಸಿಗುತ್ತದೆ, ಇವತ್ತಿನದರ ಅಂಕವನ್ನು ಉಳಿದವುಗಳಿಂದ ಅಂದಾಜು ಮಾಡುತ್ತಾರೆ. ಪತ್ರ ಬಂದ ಮೇಲೆ ವಿಚಾರಣೆ ಇರುತ್ತದೆ, ಅದು ಮುಗಿಯುವ ತನಕ ಸಂಯೋಜಕರು ಆ ಹುದ್ದೆಯಲ್ಲಿ ಇರುವಂತಿಲ್ಲ. ಯಾವ ದಾರಿ ಎಂದು ನಾಲ್ಕು ಗಂಟೆಯೊಳಗೆ ತಿಳಿಸಬೇಕು.

ತಂಗಿಗೆ ಹೇಳದೆ ಇರಲಾಗದು. ತಂಗಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಎರಡು ಗಂಟೆಗೆ ಊಟಕ್ಕೆ ಬಿಟ್ಟಾಗ ಫೋನ್ ಎತ್ತಿದಳು. ಅಕ್ಕ ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ.

“ಅವಳು ಆವತ್ತೇ ನಂಗೆ ಫೋನ್ ಮಾಡಿದ್ಲು ಅಕ್ಕ,” ಎಂದಳು ತಂಗಿ. “ಅಮ್ಮಾ, ಇದು ತಪ್ಪಾಗಿದೆ ಅನ್ಸುತ್ತೆ, ಕೇಳ್ಲಾ ಅಂದ್ಲು. ನಾನೇ ಬೇಡ ಅಂದೆ. ದೊಡ್ಡಮ್ಮ ಮಾಡಿದ್ದು ತಪ್ಪಾಗಲ್ಲ, ಏನೋ ಒಳ್ಳೇದಕ್ಕೇ ಮಾಡಿರ್ತಾಳೆ, ಕೇಳಿ ಅವಳ ಮನಸ್ಸು ನೋಯಿಸ್ಬೇಡ ಅಂದೆ.”

ಫೋನಿನಲ್ಲಿ ಯಾರದೋ ಚಪ್ಪಲಿಯ ಸದ್ದು, ತಳ್ಳುಗಾಡಿಯ ಗಾಲಿಯ ಸದ್ದು ಹಾದುಹೋಯಿತು.

“ನನ್ನ ಫಾರಂ ನೀನು ತುಂಬಿದಾಗ ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದಳು ತಂಗಿ.

ಅಕ್ಕನಿಗೆ ಆ ಫಾರಂ ನೆನಪಾಯಿತು. ಅಪ್ಪ ತೀರಿಕೊಂಡ ವರ್ಷ. ಅವಳಿಗೆ ಇಪ್ಪತ್ತೆರಡು, ತಂಗಿಗೆ ಹದಿನೇಳು. ಮಾರನೆಯ ದಿನವೇ ಕೊನೆಯ ದಿನಾಂಕ. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಒಂದೂ ಚಿತ್ತಿಲ್ಲದಂತೆ ತುಂಬಿದ್ದು ನೆನಪಿತ್ತು. ತಂಗಿ ಆಗ ಎಲ್ಲಿದ್ದಳು, ಎದುರಿಗೆ ಕೂತಿದ್ದಳೋ ಒಳಗೆ ಮಲಗಿದ್ದಳೋ, ಎಷ್ಟು ತಡಕಿದರೂ ನೆನಪಾಗಲಿಲ್ಲ.

“ನಿಂಗೆ ನರ್ಸಿಂಗ್ ಬೇಡವಾಗಿತ್ತಾ?”

“ಈಗ್ಯಾಕೆ ಬಿಡು. ಚೆನ್ನಾಗೇ ಇದೀನಲ್ಲ.” ಆಮೇಲೆ ಲಘುವಾಗಿಯೇ ಹೇಳಿದಳು: “ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಸರಿಹೋಯ್ತು.”

ಏನು ಬೇಕಾಗಿತ್ತು ನಿನಗೆ ಎಂದು ಕೇಳುವಷ್ಟರಲ್ಲಿ ಅಲ್ಲಿ ಯಾರೋ ಸಿಸ್ಟರ್ ಎಂದು ಕರೆದರು. ಫೋನ್ ನಿಂತಿತು.

ಬೆಳಿಗ್ಗೆಯಿಂದ ಅವಳನ್ನು ಕಾಡಿದ್ದು ಒಂದು ತಪ್ಪು, ಒಂದು ಸಾಲಿನ ತಪ್ಪು. ಅಂಥದ್ದು ಯಾರ ಕೈಯಲ್ಲೂ ಆದೀತು. ಈಗ ಕಣ್ಣೆದುರು ಬಂದು ನಿಂತದ್ದು ಬೇರೆ. ಇಪ್ಪತ್ತೈದು ವರ್ಷದಿಂದ ತನ್ನ ಸುತ್ತ ಇದ್ದ ಮೌನವನ್ನು ಅವಳು ಒಪ್ಪಿಗೆ ಎಂದು ತಿಳಿದಿದ್ದಳು. ಎಲ್ಲರೂ ಸುಮ್ಮನಿದ್ದಾರೆ, ಆದ್ದರಿಂದ ಎಲ್ಲವೂ ಸರಿಯಾಗಿದೆ. ವಾರಕ್ಕೆರಡು ಸಲ ಗೊತ್ತು ಪೀರಿಯಡ್‌ನಲ್ಲಿ ನಿಂತು, ನಿಮಗೆ ಗೊತ್ತಿದೆ ಅಂತ ಹೇಗೆ ಗೊತ್ತು ಎಂದು ಊರ ಮಕ್ಕಳೆಲ್ಲರ ಬೆವರಿಳಿಸಿದವಳು ಅವಳೇ.

ಮೂರು ಗಂಟೆಗೆ ಎದ್ದಳು. ಹುಡುಗಿಯನ್ನು ಕೇಳಿ ಆಮೇಲೆ ಪತ್ರ ಬರೆಯುವುದು ಸರಿಯಾದ ಕ್ರಮ. ಆದರೆ ಪತ್ರ ಹೋಗದೆ ಕೇಳಿದರೆ ಹುಡುಗಿ ಏನೆನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ದೊಡ್ಡಮ್ಮನ ಹುದ್ದೆ ಉಳಿಸಲು ದೊಡ್ಡ ಗಣಿತವೇ ಇರಲಿ ಎನ್ನುತ್ತಾಳೆ, ನಗುತ್ತಲೇ ಎನ್ನುತ್ತಾಳೆ, ಆ ನಗುವಿನಲ್ಲಿ ಅವಳ ಸೀಟು ಮುಳುಗಿಹೋಗುತ್ತದೆ. ಅದಕ್ಕೇ ಪತ್ರವನ್ನು ಮೊದಲು ಬರೆದಳು. ಗುಮಾಸ್ತನನ್ನು ಓದಲು ಕರೆಯಲಿಲ್ಲ. ನೋಂದಣಿಯಲ್ಲಿ ಗಣಿತದ ಬಗೆಯನ್ನು ತಪ್ಪಾಗಿ ನಮೂದಿಸಿದವಳು ನಾನು, ವಿದ್ಯಾರ್ಥಿನಿಯ ಆಯ್ಕೆ ಬೇರೆಯಿತ್ತು ಎಂದು ಎರಡೇ ಸಾಲು. ಚೀಟಿಯ ಮಾತು, ಗುಮಾಸ್ತನ ಮಾತು, ಸಹಿಯ ಮಾತು ಎತ್ತಲಿಲ್ಲ. ಪ್ರಾಂಶುಪಾಲರಿಗೆ ತೋರಿಸಿದಾಗ ಅವರು ಎರಡು ಸಲ ಓದಿ, ಇಷ್ಟೊಂದು ಬಿಚ್ಚಿ ಬರೆಯಬೇಕೇ ಎಂದರು. ಬೇಕು ಎಂದು ಕಳಿಸಿಬಿಟ್ಟಳು.

ಹುಡುಗಿ ಖಾಲಿ ತರಗತಿಯೊಂದರಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಮುಂದೆ ಎರಡು ಗಣಿತದ ಪುಸ್ತಕಗಳೂ ಇದ್ದವು, ಎರಡೂ ಮುಚ್ಚಿದ್ದವು. ದೊಡ್ಡಮ್ಮ ಅವಳ ಎದುರಿನ ಬೆಂಚಿನಲ್ಲಿ, ಮಕ್ಕಳು ಕೂರುವಲ್ಲಿ, ಮಂಡಿ ಮಡಚಿಕೊಂಡು ಕೂತಳು. ಎರಡು ದಾರಿಗಳನ್ನೂ ಹೇಳಿದಳು. ಒಂದನ್ನು ಉದ್ದವಾಗಿ, ಇನ್ನೊಂದನ್ನು ಚಿಕ್ಕದಾಗಿ ಹೇಳದಂತೆ ಎಚ್ಚರ ವಹಿಸಿದಳು. ಹೇಳಿ ಮುಗಿಸಿ, ಯಾವುದು ಬೇಕು ಎಂದು ಕೇಳಿದಳು.

“ನಿಮಗೆ ಯಾವುದು ಸರಿ ಅನ್ಸುತ್ತೆ?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಯಾವ ಕುರುಡನಿಗೂ ಕಾಣುವ ಉತ್ತರ ಅದು.

“ಹೇಳಲ್ಲ,” ಎಂದಳು ದೊಡ್ಡಮ್ಮ.

ಹುಡುಗಿ ತಲೆ ಎತ್ತಿದಳು. ಬೆಳಿಗ್ಗೆ ಅಷ್ಟು ದೊಡ್ಡ ಪೆಟ್ಟು ಬಿದ್ದಾಗಲೂ ಕಾಣದ ಗಾಬರಿ ಈಗ ಅವಳ ಮುಖದಲ್ಲಿ ಕಂಡಿತು. ಹಿಡಿದುಕೊಂಡಿದ್ದ ಕೈ ಜನಸಂದಣಿಯಲ್ಲಿ ಬಿಟ್ಟುಹೋದ ಮಗುವಿನ ಹಾಗೆ. ಪತ್ರ ಕಳಿಸಿದರೆ ನಿಮಗೆ ತೊಂದರೆಯಲ್ಲವೇ ಎಂದು ಕೇಳಿದಳು. ಅದು ಆಗಲೇ ಹೋಗಿದೆ, ನಿನ್ನ ಉತ್ತರ ಏನಾದರೂ ನನಗಾಗುವುದು ಆಗಿಯೇ ಆಗುತ್ತದೆ ಎಂದಳು ದೊಡ್ಡಮ್ಮ. ಅಂಗಳದಲ್ಲಿ ಯಾರೋ ಚೆಂಡನ್ನು ಗೋಡೆಗೆ ಒಗೆದು ಹಿಡಿಯುತ್ತಿದ್ದರು. ದೊಡ್ಡಮ್ಮ ಆ ಮೌನವನ್ನು ತುಂಬಲಿಲ್ಲ. ತುಂಬದೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲ.

“ಸಣ್ಣದು,” ಎಂದಳು ಹುಡುಗಿ.

“ಆಯ್ತು.”

“ಐದು ತಿಂಗಳು ದೊಡ್ಡಮ್ಮ.” ಅವಳ ದನಿ ಏರಲಿಲ್ಲ, ಒಡೆಯಿತು. “ಈಜೋದು ಬಿಟ್ಟೆ. ಅದು ಅರ್ಥ ಆಗ್ದೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನೀವು ಒಂದ್ಸಲ ಕೇಳಿದ್ರೆ ಆಗ್ತಿತ್ತು.”

“ನೀನೂ ಒಂದು ಮಾತು…” ಎಂದು ಶುರುಮಾಡಿ ದೊಡ್ಡಮ್ಮ ನಿಲ್ಲಿಸಿದಳು.

“ನಿಮ್ಮನ್ನ ಹೇಗೆ ಕೇಳೋದು ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ,” ಎಂದಳು ಹುಡುಗಿ.

ದೊಡ್ಡಮ್ಮ ತಲೆಯಾಡಿಸಿದಳು. ಹುಡುಗಿ ಮುಖ ಒರೆಸಿಕೊಂಡದ್ದನ್ನು ನೋಡಿ, ಮಂಡಳಿಯ ಸಂಖ್ಯೆಗೆ ಕರೆ ಮಾಡಿದಳು. ಆಚೆಯ ದನಿ ಪತ್ರ ಬಂದಿದೆ ಎಂದು ಹೇಳಿ, ಮುಂದೇನು ಎಂದು ಕೇಳಿತು. ಅವಳು ಫೋನನ್ನು ಬೆಂಚಿನ ಆಚೆಗೆ ಚಾಚಿದಳು.

“ನೀನೇ ಹೇಳು.”

ಹುಡುಗಿ ಫೋನ್ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದಳು. ತನ್ನ ನೋಂದಣಿ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳತೊಡಗಿದಳು. ನಾಲ್ಕನೆಯ ಅಂಕಿ ತಪ್ಪಾಯಿತು. ತಿದ್ದಲು ಬಾಯಿ ತೆರೆದ ದೊಡ್ಡಮ್ಮ ಹಾಗೆಯೇ ಮುಚ್ಚಿಕೊಂಡಳು. ಹುಡುಗಿ ತಾನೇ ತಡೆದು, ಕ್ಷಮಿಸಿ ಎಂದು, ಮೊದಲಿನಿಂದ ಮತ್ತೆ ಹೇಳಿದಳು.